ಮಣ್ಣು ಹೊತ್ತ ನಟಿ ಬಿನೋದಿನಿ

ಗುಡಿ, ಶಾಲೆ, ಸಮುದಾಯ ಭವನ ಯಾವುದೇ ಇರಲಿ, ಕಟ್ಟಡ ಪೂರ್ಣಗೊಂಡ ಮೇಲೆ ಗೋಡೆಗೆ ಒಂದು ಶಿಲಾಫಲಕವನ್ನು ಕೂಡಿಸುವುದು ನಮ್ಮಲ್ಲಿ ರೂಢಿ. ದಾನಿಗಳ ಹೆಸರು, ಉದ್ಘಾಟಕರ ಹೆಸರು, ಅಧ್ಯಕ್ಷತೆ ವಹಿಸಿದವರ ಹೆಸರು ಅದರಲ್ಲಿ ಕ್ರಮವಾಗಿ ಕಾಣಿಸುತ್ತವೆ. ತಳಪಾಯಕ್ಕೆ ಮಣ್ಣು ಹೊತ್ತವರ ಹೆಸರು ಇರುವುದಿಲ್ಲ. ಅದನ್ನು ಯಾರೂ ಕೊರತೆಯೆಂದು ಭಾವಿಸುವುದೂ ಇಲ್ಲ. ಆದರೆ ಒಬ್ಬ ಹೆಣ್ಣುಮಗಳಿಗೆ, ಈ ಕಟ್ಟಡಕ್ಕೆ ನಿನ್ನ ಹೆಸರನ್ನೇ ಇಡುತ್ತೇವೆಂದು ಮಾತು ಕೊಟ್ಟು, ಅದರ ನಿರ್ಮಾಣಕ್ಕಾಗಿ ಆಕೆ ತನ್ನ ಬಾಳನ್ನೇ ಒತ್ತೆಯಿಟ್ಟ ಮೇಲೂ, ಬುಟ್ಟಿಯಲ್ಲಿ ಮಣ್ಣು ಹೊತ್ತ ಮೇಲೂ, ಕೊನೆಯ ಗಳಿಗೆಯಲ್ಲಿ ಬೇರೆ ಹೆಸರನ್ನು ಇಟ್ಟುಬಿಟ್ಟರೆ ಅದನ್ನು ಏನೆಂದು ಕರೆಯಬೇಕು? 1883ರಲ್ಲಿ ಕಲ್ಕತ್ತೆಯಲ್ಲಿ ಹೀಗೆಯೇ ನಡೆಯಿತು. ಆ ಹೆಣ್ಣುಮಗಳು ಬಂಗಾಳಿ ರಂಗಭೂಮಿಯ ಮೊದಲ ತಲೆಮಾರಿನ ಮಹಾನಟಿ ಬಿನೋದಿನಿ ದಾಸಿ. ಆಕೆಯ ಹೆಸರು ರಂಗಮಂದಿರದ ಮೇಲೆ ಬರಲು 141 ವರ್ಷಗಳು ಬೇಕಾದವು.

ಬಿನೋದಿನಿ ಹುಟ್ಟಿದ್ದು 1863ರ ಸುಮಾರಿಗೆ, ಕಲ್ಕತ್ತೆಯ ಕಾರ್ನ್‌ವಾಲಿಸ್ ಬೀದಿಯ ಒಂದು ಬಡ ಮನೆಯಲ್ಲಿ. ಮನೆ ಅಜ್ಜಿಯದು. ಅಜ್ಜಿ, ತಾಯಿ, ತಮ್ಮ ಮತ್ತು ತಾನು, ಇಷ್ಟೇ ಸಂಸಾರ. ಬಡತನ ಎಷ್ಟಿತ್ತೆಂದರೆ, ಐದು ವರ್ಷದ ತಮ್ಮನಿಗೆ ಎರಡೂವರೆ ವರ್ಷದ ಹಸುಳೆಯೊಡನೆ ಮದುವೆ ಮಾಡಿಸಿ, ಆ ಕೂಸಿನ ಮೈಮೇಲಿದ್ದ ಅಷ್ಟಿಷ್ಟು ಒಡವೆಗಳಿಂದ ಕೆಲವು ಕಾಲ ಮನೆ ನಡೆಸಬೇಕಾಯಿತು. ಆ ತಮ್ಮನೂ ಬಹಳ ದಿನ ಬದುಕಲಿಲ್ಲ. ಬಿನೋದಿನಿಗೂ ಬಾಲ್ಯದಲ್ಲಿಯೇ ಮದುವೆಯ ಶಾಸ್ತ್ರವೊಂದು ನಡೆದಿತ್ತು. ಆದರೆ ಆ ಹುಡುಗನನ್ನು ಅವನ ಕಡೆಯವರು ಕರೆದುಕೊಂಡು ಹೋದವರು ಮತ್ತೆ ಕಳುಹಿಸಲಿಲ್ಲ. ತಂದೆಯ ಹೆಸರಿಲ್ಲದ, ಗಂಡನ ಆಶ್ರಯವಿಲ್ಲದ ಹೆಣ್ಣುಮಕ್ಕಳು ಇದ್ದ ಆ ಕೇರಿಯನ್ನು ಊರಿನ ಗಣ್ಯರು ಮರ್ಯಾದೆಯ ಗಡಿಯಿಂದ ಆಚೆಗೆ ಇರಿಸಿದ್ದರು.

ಆ ಮನೆಯ ಒಂದು ಕೋಣೆಗೆ ಗಂಗಾಬಾಯಿ ಎಂಬ ಗಾಯಕಿ ಬಾಡಿಗೆಗೆ ಬಂದಳು. ಒಂಬತ್ತು ವರ್ಷದ ಬಿನೋದಿನಿ ಆಕೆಯ ಬಳಿ ಹಾಡು ಕಲಿಯತೊಡಗಿದಳು. ಗಂಗಾಬಾಯಿಯ ಹಾಡು ಕೇಳಲು ಬರುತ್ತಿದ್ದ ನಾಟಕಾಸಕ್ತರು ಈ ಹುಡುಗಿಯನ್ನು ಗಮನಿಸಿ, ಗ್ರೇಟ್ ನ್ಯಾಷನಲ್ ಥಿಯೇಟರ್‌ಗೆ ಸೇರಿಸಲು ಅಜ್ಜಿಯನ್ನು ಒಪ್ಪಿಸಿದರು. ಸಂಬಳ ತಿಂಗಳಿಗೆ 10 ರೂಪಾಯಿ. ಅದು ಕಲೆಯ ಮೋಹದಿಂದ ಇಟ್ಟ ಹೆಜ್ಜೆಯಲ್ಲ. ಹೊಟ್ಟೆಪಾಡಿಗಾಗಿ ಹಿಡಿದ ಕೆಲಸ.

ಆ ಕಾಲದ ರಂಗಭೂಮಿಯ ಸ್ಥಿತಿಯನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳುವುದು ಉಚಿತ. ಅದುವರೆಗೆ ಬಂಗಾಳದ ನಾಟಕಗಳಲ್ಲಿ ಸ್ತ್ರೀಪಾತ್ರಗಳನ್ನು ಸಾಮಾನ್ಯವಾಗಿ ಗಂಡಸರೇ ವಹಿಸುತ್ತಿದ್ದರು. ನಮ್ಮ ಕನ್ನಡ ನಾಟಕ ಕಂಪನಿಗಳಲ್ಲಿಯೂ ಬಹುಕಾಲ ಇದೇ ಪದ್ಧತಿ ಇದ್ದುದು ಹಿರಿಯರಿಗೆಲ್ಲ ತಿಳಿದ ಸಂಗತಿ. 1873ರಲ್ಲಿ ಕಲ್ಕತ್ತೆಯ ಬೆಂಗಾಲ್ ಥಿಯೇಟರ್, ಕವಿ ಮೈಕೇಲ್ ಮಧುಸೂದನ ದತ್ತರ ಸಲಹೆಯಂತೆ, ನಾಲ್ವರು ನಟಿಯರನ್ನು ನೇಮಿಸಿಕೊಂಡಿತು. ಗೃಹಸ್ಥರ ಮನೆಯ ಹೆಣ್ಣುಮಕ್ಕಳು ರಂಗಕ್ಕೆ ಬರುವುದು ಕನಸಿನಲ್ಲಿಯೂ ಸಾಧ್ಯವಿರಲಿಲ್ಲವಾದ್ದರಿಂದ ನಟಿಯರು ವೇಶ್ಯಾವಾಟಿಕೆಗಳಿಂದಲೇ ಬರಬೇಕಾಯಿತು. ವಿಧವಾ ವಿವಾಹಕ್ಕಾಗಿ ಹೋರಾಡಿದ ಈಶ್ವರಚಂದ್ರ ವಿದ್ಯಾಸಾಗರರಂತಹ ಸುಧಾರಕರೇ ಇದನ್ನು ಒಪ್ಪದೆ ಆ ಸಂಸ್ಥೆಯ ಸಂಬಂಧವನ್ನು ಕಡಿದುಕೊಂಡರು. ನಟಿಯರು ಬೇಕು, ಆದರೆ ಅವರು ನಮ್ಮವರಲ್ಲ ಎಂಬ ಈ ಇಬ್ಬಗೆಯ ಭಾವನೆ ಬಿನೋದಿನಿಯ ಇಡೀ ಬಾಳಿನುದ್ದಕ್ಕೂ ನೆರಳಿನಂತೆ ಹಿಂಬಾಲಿಸಿತು.

1874ರ ಡಿಸೆಂಬರ್‌ನಲ್ಲಿ ಬಿನೋದಿನಿ ಮೊದಲ ಬಾರಿಗೆ ರಂಗವನ್ನೇರಿದಳು. ನಾಟಕ ಮಹಾಭಾರತದ ಕಥೆಯುಳ್ಳ ‘ಶತ್ರುಸಂಹಾರ’. ಪಾತ್ರ ದ್ರೌಪದಿಯ ಸಖಿಯದು, ಮಾತು ಬೆರಳೆಣಿಕೆಯಷ್ಟು. ಸಾಲುಸಾಲು ದೀಪಗಳನ್ನೂ ಸಾವಿರಾರು ಕಣ್ಣುಗಳನ್ನೂ ಕಂಡು ಕೈಕಾಲು ನಡುಗಿ, ಮೈ ಬೆವೆತು, ಹೇಗೋ ಮಾತು ಮುಗಿಸಿ ಬಂದೆನೆಂದು ಆಕೆ ಮುಂದೆ ತನ್ನ ಆತ್ಮಕಥೆಯಲ್ಲಿ ನೆನೆದಿದ್ದಾಳೆ. ಆದರೆ ಚಪ್ಪಾಳೆ ಬಿದ್ದಿತು. ಕೆಲವೇ ದಿನಗಳಲ್ಲಿ ‘ಹೇಮಲತಾ’ ನಾಟಕದ ನಾಯಿಕೆಯ ಪಾತ್ರವೇ ಆಕೆಗೆ ದೊರೆಯಿತು. ಆಗ ಆಕೆಗೆ ಹನ್ನೆರಡು ವರ್ಷವೂ ತುಂಬಿರಲಿಲ್ಲ.

ಮರುವರ್ಷ ಕಂಪನಿ ಉತ್ತರ ಭಾರತದ ಪ್ರವಾಸ ಹೊರಟಿತು. ದೆಹಲಿ, ಲಾಹೋರ್, ಆಗ್ರಾ, ಲಖನೌ ಮುಂತಾದ ಊರುಗಳಲ್ಲಿ ಆಟ. ಲಖನೌದಲ್ಲಿ ದೀನಬಂಧು ಮಿತ್ರರ ‘ನೀಲದರ್ಪಣ’ ನಾಟಕವನ್ನು ಆಡಿದಾಗ ದೊಡ್ಡ ಅನಾಹುತವೇ ಆಗುವುದರಲ್ಲಿತ್ತು. ನೀಲಿ ಬೆಳೆಸುವ ರೈತರ ಮೇಲೆ ಬಿಳಿಯ ತೋಟಗಾರರು ನಡೆಸುತ್ತಿದ್ದ ದೌರ್ಜನ್ಯ ಆ ನಾಟಕದ ವಸ್ತು. ಒಬ್ಬ ರೈತ ಬಿಳಿಯ ದೊರೆಯನ್ನು ಹಿಡಿದು ಥಳಿಸುವ ದೃಶ್ಯ ಬಂದಾಗ, ಪ್ರೇಕ್ಷಕರಲ್ಲಿದ್ದ ಇಂಗ್ಲಿಷ್ ಸೈನಿಕರು ಕತ್ತಿ ಹಿರಿದು ರಂಗದ ಮೇಲೆ ನುಗ್ಗಿದರು. ಬಾಲಕಿ ಬಿನೋದಿನಿಯೂ ಆ ನಾಟಕದಲ್ಲಿ ಪಾತ್ರಧಾರಿ. ಆಟ ಅಲ್ಲಿಗೇ ನಿಂತು, ಎಲ್ಲರೂ ಜೀವ ಉಳಿದರೆ ಸಾಕೆಂದು ಊರು ಬಿಟ್ಟರು. ನಾಟಕವೆಂದರೆ ಬರೀ ಮನರಂಜನೆಯಲ್ಲ, ಅಧಿಕಾರಸ್ಥರು ಹೆದರುವಂಥ ಶಕ್ತಿ ಅದಕ್ಕಿದೆ ಎಂಬುದನ್ನು ಆ ಹುಡುಗಿ ಎಳೆಯ ವಯಸ್ಸಿನಲ್ಲಿಯೇ ಕಣ್ಣಾರೆ ಕಂಡಳು. 1876ರಲ್ಲಿ ಸರ್ಕಾರ ನಾಟಕ ಪ್ರದರ್ಶನಗಳನ್ನು ನಿಯಂತ್ರಿಸುವ ಕಾಯಿದೆಯನ್ನೇ ತಂದಿತು.

ಪ್ರವಾಸದ ಬಳಿಕ ಬಿನೋದಿನಿ ಬೆಂಗಾಲ್ ಥಿಯೇಟರ್ ಸೇರಿದಳು. ಬಂಕಿಮಚಂದ್ರ ಚಟ್ಟೋಪಾಧ್ಯಾಯರ ಕಾದಂಬರಿಗಳು ಅಲ್ಲಿ ನಾಟಕವಾಗುತ್ತಿದ್ದವು. ‘ದುರ್ಗೇಶನಂದಿನಿ’, ‘ಕಪಾಲಕುಂಡಲಾ’, ‘ಮೃಣಾಲಿನಿ’ ನಾಟಕಗಳಲ್ಲಿ ಆಕೆ ಪ್ರಮುಖ ಪಾತ್ರಗಳನ್ನು ವಹಿಸಿದಳು. ‘ಮೃಣಾಲಿನಿ’ಯ ಮನೋರಮೆಯಾಗಿ ಆಕೆಯನ್ನು ನೋಡಿದ ಬಂಕಿಮಚಂದ್ರರು, ತಾವು ಕಾಗದದ ಮೇಲೆ ಬರೆದ ಮನೋರಮೆ ಹೀಗೆ ಕಣ್ಣೆದುರಿಗೆ ಬಂದು ನಿಲ್ಲುವಳೆಂದು ಭಾವಿಸಿರಲಿಲ್ಲವೆಂದು ಮೆಚ್ಚಿಕೊಂಡರಂತೆ.

1877ರ ವೇಳೆಗೆ ನಟ, ನಾಟಕಕಾರ ಗಿರೀಶಚಂದ್ರ ಘೋಷರು ಬಿನೋದಿನಿಯನ್ನು ತಮ್ಮ ನ್ಯಾಷನಲ್ ಥಿಯೇಟರ್‌ಗೆ ಕರೆತಂದರು. ಆಕೆಯ ಪಾಲಿಗೆ ಅವರು ಗುರುವಾದರು. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ಹುಡುಗಿಗೆ ಶೇಕ್ಸ್‌ಪಿಯರ್, ಮಿಲ್ಟನ್, ಬೈರನ್ ಇವರ ಕೃತಿಗಳ ಕಥೆಗಳನ್ನು ಹೇಳಿದರು. ವಿಲಾಯತಿಯ ಹೆಸರಾಂತ ನಟಿಯರು ಹೇಗೆ ಸಾಧನೆ ಮಾಡಿದರೆಂಬುದನ್ನು ವಿವರಿಸಿದರು. ಮಾತನ್ನು ಬಾಯಿಪಾಠ ಮಾಡಿ ಒಪ್ಪಿಸುವುದು ಅಭಿನಯವಲ್ಲ, ಪಾತ್ರದ ಒಳಮನಸ್ಸನ್ನು ಹೊಕ್ಕು ನೋಡಬೇಕೆಂದು ತಿದ್ದಿದರು. ಬಿನೋದಿನಿಯೂ ಅಷ್ಟೇ ನಿಷ್ಠೆಯಿಂದ ಕಲಿತಳು. ಹೊರಗೆ ಯಾರನ್ನೇ ಕಂಡರೂ ಅವರ ನಡಿಗೆ, ನೋಟ, ನಗು, ಅಳುಗಳನ್ನು ಗಮನಿಸಿ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ‘ಮೇಘನಾದವಧ’ ನಾಟಕವೊಂದರಲ್ಲಿಯೇ ಆಕೆ ಏಳು ಬೇರೆ ಬೇರೆ ಪಾತ್ರಗಳನ್ನು ವಹಿಸಿದ್ದುಂಟು. ಚೈತನ್ಯ ಮಹಾಪ್ರಭುವಾಗಿ ನಿಂತು ಸಭೆಯನ್ನು ಭಕ್ತಿಯಲ್ಲಿ ಮುಳುಗಿಸಿದ ರಾತ್ರಿಯೇ ಪ್ರಹಸನದಲ್ಲಿ ಹೊಸ ನಾಗರಿಕತೆಯ ಬಿಂಕದ ಹೆಣ್ಣಾಗಿ ಬಂದು ಅದೇ ಸಭೆಯನ್ನು ನಗೆಗಡಲಲ್ಲಿ ತೇಲಿಸಿದ್ದೂ ಉಂಟು. ಸುಮಾರು ಹನ್ನೆರಡು ವರ್ಷಗಳ ರಂಗಜೀವನದಲ್ಲಿ ಆಕೆ ವಹಿಸಿದ ಪಾತ್ರಗಳು ಎಂಬತ್ತಕ್ಕೂ ಹೆಚ್ಚು.

ಆ ವೇಳೆಗೆ ನ್ಯಾಷನಲ್ ಥಿಯೇಟರಿನ ಒಡೆತನ ಪ್ರತಾಪಚಂದ ಜಹೂರಿ ಎಂಬ ವ್ಯಾಪಾರಿಯ ಕೈಗೆ ಬಂದಿತ್ತು. ಬಿನೋದಿನಿ ಹದಿನೈದು ದಿನಗಳ ರಜೆ ಪಡೆದು ಕಾಶಿಗೆ ಹೋದಳು. ಅಲ್ಲಿ ಕಾಯಿಲೆ ಬಿದ್ದುದರಿಂದ ಹಿಂತಿರುಗುವಾಗ ಒಂದು ತಿಂಗಳಾಯಿತು. ಮಾಲೀಕ ಆ ಅವಧಿಯ ಸಂಬಳವನ್ನು ಕೊಡಲು ಒಪ್ಪಲಿಲ್ಲ. ಸ್ವಾಭಿಮಾನಿಯಾದ ಆಕೆ ಇದನ್ನು ಸಹಿಸಲಿಲ್ಲ. ಗಿರೀಶಚಂದ್ರರಿಗೂ ಇತರ ಕಲಾವಿದರಿಗೂ ಮಾಲೀಕನ ನಡವಳಿಕೆ ಹಿಡಿಸಿರಲಿಲ್ಲ. ತಮ್ಮದೇ ಆದ ರಂಗಮಂದಿರವೊಂದು ಬೇಕೆಂಬ ಹಂಬಲ ಎಲ್ಲರಲ್ಲಿಯೂ ಮೂಡಿತು. ಬೇಕಾದ ಹಣ ಮಾತ್ರ ಯಾರಲ್ಲಿಯೂ ಇರಲಿಲ್ಲ.

ಆಗ ಮುಂದೆ ಬಂದವನು ಗುರ್ಮುಖ ರಾಯ್ ಎಂಬ ಸಿರಿವಂತ ಮಾರವಾಡಿ ತರುಣ. ಅವನ ಷರತ್ತು ಒಂದೇ: ಬಿನೋದಿನಿ ತನ್ನವಳಾಗಬೇಕು. ಆಕೆ ಆ ಹೊತ್ತಿಗೆ ಬೇರೊಬ್ಬ ಜಮೀನ್ದಾರ ತರುಣನ ಆಶ್ರಯದಲ್ಲಿದ್ದಳು. ಅವನನ್ನು ಬಿಟ್ಟು ಬರಲು ಆಕೆಯ ಮನಸ್ಸು ಒಪ್ಪಲಿಲ್ಲ. ಆದರೆ ಜೊತೆಗಾರರೆಲ್ಲ ಸುತ್ತುವರಿದು, ನೀನು ಒಪ್ಪಿದರೆ ಮಾತ್ರ ನಮ್ಮೆಲ್ಲರ ರಂಗಮಂದಿರ ಎದ್ದು ನಿಲ್ಲುತ್ತದೆ ಎಂದು ಒತ್ತಾಯಿಸಿದರು. ಕೊನೆಗೆ ಆಕೆ ಒಪ್ಪಿದಳು. ಹಳೆಯ ಆಶ್ರಯದಾತ ರೊಚ್ಚಿಗೆದ್ದು ಕತ್ತಿ ಹಿಡಿದು ಬಂದಾಗ ಆಕೆ ಸಾವಿನ ದವಡೆಯಿಂದ ಪಾರಾದಳು. ಇತ್ತ ಗುರ್ಮುಖ ರಾಯ್, ರಂಗಮಂದಿರದ ಗೊಡವೆಯೇ ಬೇಡ, ನಾಟಕವನ್ನು ಬಿಟ್ಟುಬಿಡು, 50,000 ರೂಪಾಯಿ ಕೊಡುತ್ತೇನೆ ಎಂದೂ ಹೇಳಿ ನೋಡಿದ. 10 ರೂಪಾಯಿಯ ಸಂಬಳಕ್ಕೆ ಸೇರಿದ ಬಡವರ ಮಗಳು ಆ ಹಣವನ್ನು ನಿರಾಕರಿಸಿದಳು. ತನಗೆ ಬೇಕಾದುದು ರಂಗಮಂದಿರವೊಂದೇ ಎಂದಳು.

ಬೀಡನ್ ಬೀದಿಯಲ್ಲಿ ಕೆಲಸ ಆರಂಭವಾಯಿತು. ಹಗಲು ತಾಲೀಮು ಮುಗಿದ ಮೇಲೆ ಬಿನೋದಿನಿ ಕಟ್ಟಡದ ಜಾಗಕ್ಕೆ ಹೋಗಿ, ಕೂಲಿಯವರ ಜೊತೆ ನಿಂತು ತಾನೂ ಬುಟ್ಟಿಯಲ್ಲಿ ಮಣ್ಣು ಹೊತ್ತು ಸುರಿದಳು. ಕೆಲಸ ಬೇಗ ಮುಗಿಯಲೆಂದು ಕೂಲಿಯವರಿಗೆ ಕೈಯಿಂದ ಹಣ ಕೊಟ್ಟು ಹುರಿದುಂಬಿಸಿದಳು. ರಂಗಮಂದಿರಕ್ಕೆ ಆಕೆಯ ಹೆಸರಿನ ಮೊದಲ ಅಕ್ಷರ ಸೇರಿಸಿ ಬಿ ಥಿಯೇಟರ್ ಎಂದು ಹೆಸರಿಡುವುದಾಗಿ ಎಲ್ಲರೂ ಹೇಳಿದ್ದರು. ತಾನು ಸತ್ತ ಮೇಲೂ ತನ್ನ ಹೆಸರು ಈ ಗೋಡೆಯ ಮೇಲೆ ಉಳಿಯುತ್ತದೆ ಎಂಬ ಆನಂದ ಆಕೆಗಿತ್ತು. ನೋಂದಣಿ ಮಾಡಿಸಿ ಬಂದವರನ್ನು ಆಕೆ ಸಡಗರದಿಂದ ಹೆಸರು ಏನಾಯಿತೆಂದು ಕೇಳಿದಳು. ಸ್ಟಾರ್ ಎಂಬ ಉತ್ತರ ಬಂದಿತು. ಕೆಲವು ಕ್ಷಣ ಆಕೆಯ ಬಾಯಿಂದ ಮಾತೇ ಹೊರಡಲಿಲ್ಲ. ಆಕೆಯಂಥ ಹೆಣ್ಣಿನ ಹೆಸರಿಟ್ಟರೆ ಗೌರವಸ್ಥರು ನಾಟಕ ನೋಡಲು ಬರುವುದಿಲ್ಲವೆಂಬ ಅಂಜಿಕೆ ಜೊತೆಗಾರರನ್ನು ಕಾಡಿತ್ತೆಂಬುದು ರಂಗ ಇತಿಹಾಸಕಾರರ ಅಭಿಪ್ರಾಯ. ಆದರೆ ಅದೇ ಗೌರವಸ್ಥರು ಹಣ ಕೊಟ್ಟು ನೋಡಲು ಬರುತ್ತಿದ್ದುದು ಆಕೆಯ ಅಭಿನಯವನ್ನೇ ಎಂಬುದನ್ನು ನಾವು ಮರೆಯುವಂತಿಲ್ಲ.

1883ರ ಜುಲೈ 21ರಂದು ಸ್ಟಾರ್ ಥಿಯೇಟರ್ ‘ದಕ್ಷಯಜ್ಞ’ ನಾಟಕದೊಂದಿಗೆ ಆರಂಭವಾಯಿತು. ಬಿನೋದಿನಿ ದಾಕ್ಷಾಯಿಣಿಯಾಗಿ ಬಂದಳು. ತವರಿನವರಿಂದಲೇ ಅವಮಾನಗೊಂಡು ಯಜ್ಞಶಾಲೆಯಲ್ಲಿ ಪ್ರಾಣ ಬಿಡುವ ಸತಿಯ ಪಾತ್ರ ಅದು. ತನ್ನವರೆಂದು ನಂಬಿದವರಿಂದ ಪೆಟ್ಟು ತಿಂದ ಆಕೆ ಆ ಪಾತ್ರವನ್ನು ಯಾವ ಮನಸ್ಸಿನಿಂದ ಅಭಿನಯಿಸಿರಬಹುದೆಂಬುದನ್ನು ನಾವು ಊಹಿಸಬಹುದಷ್ಟೆ. ಸ್ವಲ್ಪ ಕಾಲದಲ್ಲಿಯೇ ಗುರ್ಮುಖ ರಾಯ್ ಮನೆಯವರ ಒತ್ತಡಕ್ಕೆ ಮಣಿದು ರಂಗಮಂದಿರವನ್ನು ಬಿಡಬೇಕಾಯಿತು. ಅದರಲ್ಲಿ ಒಂದು ಪಾಲನ್ನು ಬಿನೋದಿನಿಗೆ ಕೊಡಬೇಕೆಂದು ಅವನು ಬಯಸಿದ್ದ. ಅದೂ ಕೈಗೂಡಲಿಲ್ಲ. ಒಡೆತನದ ತಲೆನೋವು ನಮಗೇಕೆ ಎಂದು ಗಿರೀಶಚಂದ್ರರು ಆಕೆಗೂ ಆಕೆಯ ತಾಯಿಗೂ ಬುದ್ಧಿ ಹೇಳಿದರು. ಗುರುವಿನ ಮಾತನ್ನು ಆಕೆ ಮೀರಲಿಲ್ಲ. 11,000 ರೂಪಾಯಿಗೆ ಸ್ಟಾರ್ ಥಿಯೇಟರ್ ಕಂಪನಿಯ ನಾಲ್ವರು ಪುರುಷರ ಪಾಲಾಯಿತು.

ಇಷ್ಟಾದರೂ ಬಿನೋದಿನಿ ಕೆಲಸದಲ್ಲಿ ಕೊರತೆ ಮಾಡಲಿಲ್ಲ. 1884ರ ಆಗಸ್ಟ್ 2ರಂದು ಗಿರೀಶಚಂದ್ರರ ‘ಚೈತನ್ಯಲೀಲಾ’ ರಂಗಕ್ಕೆ ಬಂದಿತು. ನವದ್ವೀಪದ ನಿಮಾಯಿ, ಮುಂದೆ ಸಂನ್ಯಾಸಿಯಾಗುವ ಶ್ರೀ ಚೈತನ್ಯ, ಈ ಪಾತ್ರವನ್ನು ಒಬ್ಬ ಹೆಣ್ಣು, ಅದರಲ್ಲಿಯೂ ಸಮಾಜ ಪತಿತೆಯೆಂದು ಕರೆದ ಹೆಣ್ಣು ವಹಿಸಬೇಕಾಗಿತ್ತು. ಬಿನೋದಿನಿ ಅದನ್ನು ವ್ರತದಂತೆ ಸ್ವೀಕರಿಸಿದಳು. ಆಟದ ದಿನ ಬೆಳಗಿನ ಜಾವ ಗಂಗಾಸ್ನಾನ ಮಾಡಿ, 108 ಬಾರಿ ದುರ್ಗಾನಾಮವನ್ನು ಬರೆದು, ಈ ಮಹಾಸಂಕಟದಿಂದ ಪಾರುಮಾಡೆಂದು ಮಹಾಪ್ರಭುವನ್ನು ಪ್ರಾರ್ಥಿಸಿದಳು. ಹರಿನಾಮ ಸಂಕೀರ್ತನೆಯ ದೃಶ್ಯಗಳಲ್ಲಿ ಎಷ್ಟೋ ಬಾರಿ ಆಕೆ ಮೈಮರೆತು ಮೂರ್ಛೆ ಹೋಗುತ್ತಿದ್ದಳು. ಹೀಗೆ ಎಚ್ಚರ ತಪ್ಪಿದ ಒಂದು ದಿನ, ನಾಟಕ ನೋಡಲು ಬಂದಿದ್ದ ವಿಜ್ಞಾನಿ ಪಾದ್ರಿ ಫಾದರ್ ಲಾಫೋಂ ಅವರೇ ನೇಪಥ್ಯಕ್ಕೆ ಬಂದು ಉಪಚರಿಸಿದರು. ನಾಟಕವನ್ನು ಮೂಸಿಯೂ ನೋಡದಿದ್ದ ವೈಷ್ಣವ ಪಂಡಿತರು ರಂಗಮಂದಿರಕ್ಕೆ ಬಂದು ಕಣ್ಣೀರು ಸುರಿಸಿದರು.

1884ರ ಸೆಪ್ಟೆಂಬರ್ 21ರಂದು ದಕ್ಷಿಣೇಶ್ವರದಿಂದ ಶ್ರೀ ರಾಮಕೃಷ್ಣ ಪರಮಹಂಸರು ‘ಚೈತನ್ಯಲೀಲಾ’ ನೋಡಲು ಬಂದರು. ಒಬ್ಬ ಸಂತರು ವೇಶ್ಯೆಯರ ನಾಟಕಕ್ಕೆ ಹೋಗಬಹುದೇ ಎಂದು ಆಕ್ಷೇಪಿಸಿದವರಿಗೆ ಕೊರತೆಯಿರಲಿಲ್ಲ. ಪರಮಹಂಸರು ಆಟವನ್ನು ನೋಡುತ್ತಾ ಹಲವು ಬಾರಿ ಭಾವಸಮಾಧಿಗೆ ಹೋದರು. ನಕಲಿನಲ್ಲಿಯೇ ಅಸಲನ್ನು ಕಂಡೆನೆಂಬ ಅರ್ಥದ ಮಾತನ್ನಾಡಿದರು. ಬಿನೋದಿನಿ ಬಂದು ಪಾದಕ್ಕೆ ಎರಗಿದಾಗ ಅವರು ಆಕೆಯ ತಲೆಯ ಮೇಲೆ ಕೈಯಿಟ್ಟು, ನಿನಗೆ ಚೈತನ್ಯ ಉಂಟಾಗಲಿ ಎಂದು ಹರಸಿದರು. ಊರೆಲ್ಲ ಮುಟ್ಟಲು ಹೇಸುತ್ತಿದ್ದ, ಇಲ್ಲವೇ ಬೇರೆ ಆಸೆಯಿಂದ ಮುಟ್ಟಲು ಹವಣಿಸುತ್ತಿದ್ದ ಆ ದೇಹವನ್ನು ಒಂದು ಕೈ ಮಗಳೆಂದು ಮುಟ್ಟಿತು. ತನ್ನ ಬಾಳಿನಲ್ಲಿ ಹೆಮ್ಮೆಪಡುವಂಥದು ಏನಾದರೂ ಇದ್ದರೆ ಅದು ಇದೊಂದೇ ಎಂದು ಬಿನೋದಿನಿ ಭಾವಿಸಿದಳು.

ಮುಂದೆ 1885ರಲ್ಲಿ ಪರಮಹಂಸರು ಗಂಟಲಿನ ವ್ಯಾಧಿಯಿಂದ ಶ್ಯಾಮಪುಕುರದ ಮನೆಯಲ್ಲಿ ಮಲಗಿದ್ದರು. ಹೊರಗಿನವರನ್ನು ಒಳಗೆ ಬಿಡದಂತೆ ಶಿಷ್ಯರು ಕಾವಲಿದ್ದರು. ಬಿನೋದಿನಿಗೆ ಕೊನೆಯ ದರ್ಶನದ ಹಂಬಲ. ಗಿರೀಶಚಂದ್ರರ ಗೆಳೆಯ ಕಾಲೀಪದ ಘೋಷರು ಆಕೆಗೆ ಹ್ಯಾಟು ಕೋಟು ತೊಡಿಸಿ, ಯುರೋಪಿಯನ್ ಗಂಡಸಿನ ವೇಷದಲ್ಲಿ ಒಳಗೆ ಕರೆದೊಯ್ದರು. ಕಾವಲಿದ್ದವರಿಗೆ ಗುರುತೇ ಸಿಗಲಿಲ್ಲ. ವಿಷಯ ತಿಳಿದ ಪರಮಹಂಸರು ಆ ನೋವಿನಲ್ಲಿಯೂ ನಕ್ಕು, ಆಕೆಯ ಭಕ್ತಿಯನ್ನೂ ಜಾಣ್ಮೆಯನ್ನೂ ಮೆಚ್ಚಿದರು. ಆಕೆ ಅವರ ಪಾದಕ್ಕೆ ತಲೆಯಿಟ್ಟು ಅತ್ತಳು. ಎಂಬತ್ತು ಪಾತ್ರಗಳನ್ನು ಹಣಕ್ಕಾಗಿ ವಹಿಸಿದ ಆಕೆ ಈ ಒಂದು ವೇಷವನ್ನು ತನಗಾಗಿ ಧರಿಸಿದಳು.

1887ರ ಆರಂಭದ ಹೊತ್ತಿಗೆ ಬಿನೋದಿನಿ ರಂಗಭೂಮಿಯನ್ನು ಬಿಟ್ಟಳು. ಆಗಿನ್ನೂ ಇಪ್ಪತ್ತನಾಲ್ಕರ ಆಸುಪಾಸು. ಕೀರ್ತಿಯ ಶಿಖರದಲ್ಲಿದ್ದಾಗಲೇ ಹೊರನಡೆದದ್ದಕ್ಕೆ ಜೊತೆಗಾರರ ವಂಚನೆಯಿಂದಾದ ನೋವೇ ಕಾರಣವೆಂದು ಆಕೆಯ ಬರಹಗಳಿಂದ ತಿಳಿಯುತ್ತದೆ. ಆ ಬಳಿಕ ಉನ್ನತ ಮನೆತನದ ಗೃಹಸ್ಥರೊಬ್ಬರ ಆಶ್ರಯದಲ್ಲಿ ಶಾಂತವಾಗಿ ಬಾಳಿದಳು. ಶಕುಂತಲಾ ಎಂಬ ಮಗಳು ಹುಟ್ಟಿದಳು. ತಾನು ಕಾಣದ ವಿದ್ಯೆಯನ್ನು ಮಗಳಾದರೂ ಕಾಣಲೆಂದು ಶಾಲೆಗೆ ಸೇರಿಸಲು ಪ್ರಯತ್ನಿಸಿದಳು. ಆದರೆ ತಾಯಿ ಯಾರೆಂಬುದು ತಿಳಿದು ಆ ಮಗುವಿಗೆ ಶಾಲೆಯ ಬಾಗಿಲು ಮುಚ್ಚಿತು. ತಾಯಿಯ ಅಭಿನಯಕ್ಕೆ ಚಪ್ಪಾಳೆ ತಟ್ಟಿದ ಸಮಾಜ ಮಗಳಿಗೆ ಅಕ್ಷರ ಕೊಡಲು ಒಪ್ಪಲಿಲ್ಲ. 1904ರಲ್ಲಿ ಶಕುಂತಲಾ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡಳು.

ದುಃಖವನ್ನು ಬಿನೋದಿನಿ ಬರಹದಲ್ಲಿ ತೋಡಿಕೊಂಡಳು. 1896ರಲ್ಲಿ ‘ವಾಸನಾ’, 1905ರಲ್ಲಿ ‘ಕನಕ ಓ ನಳಿನಿ’ ಎಂಬ ಕಾವ್ಯಕೃತಿಗಳು ಹೊರಬಂದವು. 1912ರಲ್ಲಿ ‘ಆಮಾರ್ ಕಥಾ’, ಅಂದರೆ ನನ್ನ ಕಥೆ, ಪ್ರಕಟವಾಯಿತು. ಭಾರತದ ನಟಿಯೊಬ್ಬಳು ಬರೆದ ಮೊದಮೊದಲ ಆತ್ಮಕಥೆಗಳಲ್ಲಿ ಅದು ಒಂದು. ಮುನ್ನುಡಿಯನ್ನು ಗುರು ಗಿರೀಶಚಂದ್ರರೇ ಬರೆದುಕೊಟ್ಟರು. ಆದರೆ ಎಷ್ಟೋ ನಿಜಗಳನ್ನು ಅದರಲ್ಲಿ ಬಿಟ್ಟಿದ್ದಾರೆಂದು ಆಕೆ ಅದನ್ನು ಒಪ್ಪದೆ ಬೇರೆ ಮುನ್ನುಡಿಯನ್ನು ಕೇಳಿದಳು. ಅವರು ಅದನ್ನು ಬರೆಯುವ ಮುನ್ನವೇ 1912ರ ಫೆಬ್ರವರಿಯಲ್ಲಿ ತೀರಿಕೊಂಡರು. ಒಡೆತನದ ಪಾಲನ್ನು ಗುರುವಿನ ಮಾತಿಗಾಗಿ ಬಿಟ್ಟುಕೊಟ್ಟವಳು ಸತ್ಯದ ವಿಷಯದಲ್ಲಿ ಗುರುವಿಗೂ ಬಿಟ್ಟುಕೊಡಲಿಲ್ಲ. ಆದರೂ ಗುರುಭಕ್ತಿ ಕುಂದಲಿಲ್ಲ. ಮುಂದಿನ ಆವೃತ್ತಿಯಲ್ಲಿ ಅವರ ಅದೇ ಮುನ್ನುಡಿಯನ್ನು ಸೇರಿಸಿದಳು. 1924ರ ಸುಮಾರಿಗೆ ತನ್ನ ರಂಗಜೀವನದ ನೆನಪುಗಳನ್ನು ಪತ್ರಿಕೆಯೊಂದರಲ್ಲಿ ಮತ್ತೆ ಬರೆದಳು. 1941ರಲ್ಲಿ ಆಕೆಯ ಬಾಳು ಮುಗಿಯಿತು.

ಆಕೆ ಮಣ್ಣು ಹೊತ್ತ ಬೀಡನ್ ಬೀದಿಯ ಕಟ್ಟಡ ಈಗ ಇಲ್ಲ. ಸ್ಟಾರ್ ಥಿಯೇಟರ್ 1888ರಲ್ಲಿ ಹಾತಿಬಾಗಾನ್‌ಗೆ ಸ್ಥಳಾಂತರವಾಯಿತು. 1991ರಲ್ಲಿ ಬೆಂಕಿಗೆ ಆಹುತಿಯಾಗಿ, ಮತ್ತೆ ನವೀಕರಣಗೊಂಡಿತು. 2024ರ ಡಿಸೆಂಬರ್‌ನಲ್ಲಿ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಗಳು ಅದಕ್ಕೆ ಬಿನೋದಿನಿ ಥಿಯೇಟರ್ ಎಂದು ಹೆಸರಿಡುವುದನ್ನು ಪ್ರಕಟಿಸಿದರು. ಕೊಟ್ಟ ಮಾತು ತಪ್ಪಿದವರೂ ಇಲ್ಲ, ಮಾತು ನಂಬಿದವಳೂ ಇಲ್ಲ. ತಡವಾಗಿ ಬಂದ ನ್ಯಾಯ ಆಕೆಗೆ ದಕ್ಕಲಿಲ್ಲ. ನಮಗೆ ಪಾಠವಾಗಿ ಉಳಿಯಿತು.

ಹನ್ನೆರಡನೆಯ ಶತಮಾನದ ಶರಣರ ಬಳಗದಲ್ಲಿ ಸೂಳೆ ಸಂಕವ್ವೆ ಎಂಬ ವಚನಕಾರ್ತಿ ಇದ್ದಳು. ಆಕೆಯ ಹೆಸರಿನಲ್ಲಿ ಒಂದೇ ಒಂದು ವಚನ ಉಳಿದಿದೆ. ಆದರೆ ಆ ಒಂದನ್ನು ಆಕೆಯ ಹೆಸರಿನಿಂದಲೇ ಉಳಿಸಿಕೊಂಡು ಬಂದಿದ್ದೇವೆ. ಅದು ಹಿಂದಿನವರ ದೊಡ್ಡತನ. ಇಂದಿನ ನಮ್ಮ ನಡೆ ಹೇಗಿದೆ? ಜಾತ್ರೆಗಳಲ್ಲಿ ರಾತ್ರಿಯಿಡೀ ನಾಟಕ ಆಡಿಸುತ್ತೇವೆ. ದೂರದ ಊರುಗಳಿಂದ ಬಂದ ಕಲಾವಿದೆಯರು ಹೇಮರೆಡ್ಡಿ ಮಲ್ಲಮ್ಮನಾಗಿ, ಅಕ್ಕಮಹಾದೇವಿಯಾಗಿ ನಿಂತಾಗ ಕೈಮುಗಿಯುತ್ತೇವೆ. ಬೆಳಗಾಗಿ ಬಣ್ಣ ಅಳಿಸಿದ ಮೇಲೆ ಅದೇ ತಾಯಂದಿರಿಗೆ ಊರಿನಲ್ಲಿ ತಂಗಲು ಮನೆ ಸಿಗುತ್ತದೆಯೇ? ಅವರ ಮಕ್ಕಳನ್ನು ನಮ್ಮ ಮಕ್ಕಳ ಪಕ್ಕದಲ್ಲಿ ಕೂಡಿಸಲು ನಮ್ಮ ಮನಸ್ಸು ಒಪ್ಪುತ್ತದೆಯೇ? ಬಿನೋದಿನಿಯ ಬಾಳನ್ನು ಓದಿ ಮರುಗುವುದು ಸುಲಭ. ಮುಂದಿನ ಜಾತ್ರೆಯ ಬೆಳಗಿನಲ್ಲಿ ಅವರನ್ನು ನಮ್ಮ ಪಂಕ್ತಿಯಲ್ಲಿ ಕೂಡಿಸಿ, ಹೆಸರು ಕೇಳಿ, ಪ್ರಸಾದ ಬಡಿಸಿದರೆ ಆ ಮರುಕಕ್ಕೆ ಅರ್ಥ ಬರುತ್ತದೆ.